ಎರಕದಲ್ಲಿ ತೂತು ಕಂಡರೆ ಮೊದಲು ಅದು ಯಾವ ತೂತು ಅಂತ ಗುರುತಿಸಿ

ಮೆಷಿನ್ ಶಾಪ್‌ನಿಂದ ಒಂದು ಕಾಸ್ಟಿಂಗ್ (ಕರಗಿದ ಲೋಹವನ್ನು ಅಚ್ಚಿಗೆ ಹೊಯ್ದು ಮಾಡಿದ ಎರಕದ ಪೀಸ್) ವಾಪಸ್ ಬಂದಿದೆ. ಬೋರ್ ಮಾಡುವಾಗ ಎರಡನೇ ಕಟ್‌ನಲ್ಲಿ ತೂತು ತೆರೆದುಕೊಂಡಿದೆ. ಎಲ್ಲರೂ ಸುತ್ತ ನಿಂತು ನೋಡುತ್ತಾರೆ. ಮೋಲ್ಡಿಂಗ್‌ನವರು ಲೋಹ ತಣ್ಣಗಿತ್ತು ಅನ್ನುತ್ತಾರೆ. ಫರ್ನೇಸ್‌ನವರು ಮರಳು ಒದ್ದೆಯಾಗಿತ್ತು ಅನ್ನುತ್ತಾರೆ. ಸಂಜೆಯೊಳಗೆ ಮರಳಿನ ನೀರು ಕಡಿಮೆ ಆಗಿರುತ್ತದೆ, ಲೋಹದ ಬಿಸಿ ಏರಿರುತ್ತದೆ, ರೈಸರ್ (ಕುಗ್ಗುವ ಎರಕಕ್ಕೆ ಲೋಹ ಒದಗಿಸುವ ಹೆಚ್ಚುವರಿ ತೊಟ್ಟಿ) ದೊಡ್ಡದಾಗಿರುತ್ತದೆ, ಹೊಸದಾಗಿ ನಾಲ್ಕು ವೆಂಟ್ (ಗ್ಯಾಸ್ ಹೊರಹೋಗುವ ರಂಧ್ರ) ಚುಚ್ಚಿರುತ್ತಾರೆ. ಮರುದಿನ ತೂತು ಹೋದರೂ ಯಾಕೆ ಹೋಯಿತು ಅಂತ ಯಾರಿಗೂ ಗೊತ್ತಿರುವುದಿಲ್ಲ. ಹೋಗದಿದ್ದರೆ ಇನ್ನೂ ಕಷ್ಟ, ಯಾಕೆಂದರೆ ಈಗ ಮೊದಲಿನ ಸ್ಥಿತಿಯೇ ಉಳಿದಿಲ್ಲ.

ನಾನೇ ಭಾಗಿಯಾಗಿದ್ದ ಒಂದು ಪ್ರಸಂಗ ಹೇಳುತ್ತೇನೆ. ಬೀಡು ಕಬ್ಬಿಣದ ಒಂದು ವಾಲ್ವ್ ಬಾಡಿ ಪ್ರೆಶರ್ ಟೆಸ್ಟ್‌ನಲ್ಲಿ ಸೋರುತ್ತಿತ್ತು. ಸೋರುವ ಜಾಗದಲ್ಲಿ ಸಣ್ಣ ತೂತುಗಳಿದ್ದವು. ಗ್ಯಾಸ್ ಇರಬೇಕು ಅಂದುಕೊಂಡೆವು. ಗ್ಯಾಸ್ ಹೊರಗೆ ಹೋಗಲು ಸಮಯ ಸಿಗಲಿ ಅಂತ ಹೊಯ್ಯುವ ಬಿಸಿಯನ್ನು 30 ಡಿಗ್ರಿ ಏರಿಸಿದೆವು. ಸೋರಿಕೆ ಜಾಸ್ತಿಯಾಯಿತು. ಆಮೇಲೆ ಒಂದು ಪೀಸನ್ನು ಗರಗಸದಲ್ಲಿ ಸೀಳಿ ಲೆನ್ಸ್ ಇಟ್ಟು ನೋಡಿದರೆ, ತೂತಿನ ಒಳಗೋಡೆ ಒರಟಾಗಿ, ಜರಿಗಿಡದ ಎಲೆಯಂತೆ ಕವಲೊಡೆದಿತ್ತು. ಅದು ಗ್ಯಾಸ್ ಅಲ್ಲ, ಶ್ರಿಂಕೇಜ್, ಅಂದರೆ ಲೋಹ ಕುಗ್ಗಿ ಬಿದ್ದ ತೂತು. ಅದಕ್ಕೆ ಬಿಸಿ ಇಳಿಸಬೇಕಿತ್ತು, ನಾವು ಏರಿಸಿದ್ದೆವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಎರಕದ ದೋಷಗಳಲ್ಲಿ ಇದೇ ದೊಡ್ಡ ತೊಡಕು. ಹೊರಗಿನಿಂದ ಒಂದೇ ಥರ ಕಾಣುವ ಎರಡು ತೂತುಗಳಿಗೆ ಮದ್ದು ಪೂರ್ತಿ ಉಲ್ಟಾ ಇರಬಹುದು. ಹಾಗಾಗಿ ಈ ಬರಹದಲ್ಲಿ ಮದ್ದಿಗಿಂತ ಗುರುತಿಸುವುದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ. ಮುಖ್ಯವಾಗಿ ಮರಳಿನ ಅಚ್ಚಿನ ಎರಕ ಮನಸ್ಸಿನಲ್ಲಿದೆ. ಅಲ್ಯೂಮಿನಿಯಂ ವಿಷಯ ಬೇರೆಯಾಗುವ ಕಡೆ ಅದನ್ನೂ ಹೇಳುತ್ತೇನೆ.

ಮೊದಲು ಪೀಸನ್ನು ಉಳಿಸಿಕೊಳ್ಳಿ

ಕೆಟ್ಟ ಕಾಸ್ಟಿಂಗ್ ಕಂಡ ತಕ್ಷಣ ಅದನ್ನು ರಿಟರ್ನ್ಸ್ (ಮತ್ತೆ ಕರಗಿಸುವ ಲೋಹದ) ರಾಶಿಗೆ ಎಸೆಯಬೇಡಿ. ಗ್ರೈಂಡ್ ಮಾಡಬೇಡಿ. ವೆಲ್ಡ್ ಹಾಕಿ ಮುಚ್ಚಲೂ ಬೇಡಿ. ಸಾಧ್ಯವಾದರೆ ಶಾಟ್ ಬ್ಲಾಸ್ಟಿಂಗ್‌ಗೆ (ಉಕ್ಕಿನ ಗುಂಡು ಸಿಡಿಸಿ ಮೈ ಸ್ವಚ್ಛ ಮಾಡುವುದಕ್ಕೆ) ಮೊದಲೇ ಇನ್ನೊಂದೆರಡು ಪೀಸ್ ತೆಗೆದಿಡಿ. ಬ್ಲಾಸ್ಟಿಂಗ್ ಆದ ಮೇಲೆ ತೂತಿನೊಳಗಿನ ಮರಳು ಉದುರಿ ಹೋಗುತ್ತದೆ. ಆಗ ಮರಳಿನ ತೂತು ಬರಿದಾಗಿ, ಗ್ಯಾಸ್ ತೂತಿನಂತೆ ಕಾಣುತ್ತದೆ. ರೈಸರ್ ಮತ್ತು ಗೇಟ್ (ಲೋಹ ಅಚ್ಚಿನೊಳಗೆ ಬರುವ ಬಾಯಿ) ಕತ್ತರಿಸಿದ್ದರೆ ಆ ತುಂಡುಗಳನ್ನೂ ಹುಡುಕಿ ಇಟ್ಟುಕೊಳ್ಳಿ. ಅವು ಯಾಕೆ ಬೇಕು ಅಂತ ಮುಂದೆ ಗೊತ್ತಾಗುತ್ತದೆ.

ಪೀಸಿನ ಮೇಲೆ ಚಾಕ್‌ಪೀಸಿನಿಂದ ಗುರುತು ಹಾಕಿ: ಯಾವುದು ಮೇಲಿನ ಬಾಕ್ಸ್‌ನ (ಅಚ್ಚಿನ ಪೆಟ್ಟಿಗೆಯ) ಕಡೆ, ಯಾವುದು ಕೆಳಗಿನದು, ಗೇಟ್ ಎಲ್ಲಿತ್ತು, ರೈಸರ್ ಎಲ್ಲಿತ್ತು, ಕೋರ್ (ಒಳಗೆ ಟೊಳ್ಳು ಬರಲು ಅಚ್ಚಿನಲ್ಲಿಡುವ ಮರಳಿನ ತುಂಡು) ಯಾವ ಕಡೆ. ಆಮೇಲೆ ಹತ್ತಿಪ್ಪತ್ತು ಕೆಟ್ಟ ಪೀಸ್‌ಗಳನ್ನು ಒಟ್ಟಿಗೆ ಸಾಲಾಗಿ ಇಟ್ಟು ನೋಡಿ. ಒಂದೇ ಪೀಸ್ ನೋಡಿದರೆ ದೋಷ ಮಾತ್ರ ಕಾಣುತ್ತದೆ. ಸಾಲಾಗಿ ನೋಡಿದರೆ ಅದರ ಅಭ್ಯಾಸ ಕಾಣುತ್ತದೆ.

ಎಲ್ಲ ಪೀಸ್‌ನಲ್ಲೂ ತೂತು ಒಂದೇ ಜಾಗದಲ್ಲಿದ್ದರೆ, ಕಾರಣ ಹೆಚ್ಚಾಗಿ ವಿನ್ಯಾಸದಲ್ಲೋ ರೈಸರ್‌ನಲ್ಲೋ ಅಥವಾ ಆ ಜಾಗದ ಕೋರ್, ಚಿಲ್‌ನಲ್ಲೋ (ಲೋಹ ಬೇಗ ತಣ್ಣಗಾಗಲು ಅಚ್ಚಿನಲ್ಲಿಡುವ ಲೋಹದ ತುಂಡು) ಇರುತ್ತದೆ. ಒಂದೊಂದರಲ್ಲಿ ಒಂದೊಂದು ಕಡೆ ಇದ್ದರೆ ಮರಳು, ಕಿಟ್ಟ (ಕರಗಿದ ಲೋಹದ ಮೇಲೆ ತೇಲುವ ಕಲ್ಮಶ), ಲೋಹದೊಳಗಿನ ಗ್ಯಾಸ್ ಕಡೆ ನೋಡಿ. ಒಂದು ಲ್ಯಾಡಲ್‌ನ (ಲೋಹ ಹೊಯ್ಯುವ ಪಾತ್ರೆಯ) ಕೊನೆಯ ಬಾಕ್ಸ್‌ಗಳಲ್ಲಿ ಮಾತ್ರ ಬಂದರೆ ಲೋಹ ತಣ್ಣಗಾಗಿದೆ. ಡಕ್ಟೈಲ್ ಕಬ್ಬಿಣವಾದರೆ (ಮ್ಯಾಗ್ನೀಸಿಯಂ ಹಾಕಿ ಗ್ರಾಫೈಟ್ ದುಂಡಗೆ ಮಾಡಿದ ಬೀಡು ಕಬ್ಬಿಣ) ಇನ್ನೊಂದು ಅನುಮಾನವೂ ಇದೆ: ಮ್ಯಾಗ್ನೀಸಿಯಂ ಹಾಕಿ 10ರಿಂದ 15 ನಿಮಿಷ ದಾಟಿದರೆ ಅದರ ಬಲ ಕುಂದುತ್ತಾ ಹೋಗುತ್ತದೆ. ದಿನದ ಮೊದಲ ಹೀಟ್‌ನಲ್ಲಿ (ಒಂದು ಸಲಕ್ಕೆ ಕರಗಿಸಿದ ಲೋಹದಲ್ಲಿ) ಮಾತ್ರ ಬಂದರೆ ಲ್ಯಾಡಲ್ ಲೈನಿಂಗ್ ಸರಿಯಾಗಿ ಒಣಗಿಲ್ಲ. ಮಧ್ಯಾಹ್ನದ ಮೇಲೆ ಜಾಸ್ತಿಯಾದರೆ ಮರಳು ಬಿಸಿಯಾಗಿಯೇ ಮತ್ತೆ ಬಳಕೆಗೆ ಬರುತ್ತಿದೆ. ಒಂದೇ ಕ್ಯಾವಿಟಿ (ಅಚ್ಚಿನ ಗುಳಿ) ನಂಬರ್‌ನ ಪೀಸ್‌ಗಳು ಮಾತ್ರ ಕೆಡುತ್ತಿದ್ದರೆ ಲೋಹವನ್ನು ಬೈಯುವುದು ಬಿಟ್ಟು ಪ್ಯಾಟರ್ನ್ (ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ) ಹತ್ತಿರ ಹೋಗಿ. ಒಂದೇ ಲ್ಯಾಡಲ್, ಒಂದೇ ಮರಳು, ಪಕ್ಕದ ಕ್ಯಾವಿಟಿ ಚೆನ್ನಾಗಿದೆ ಅಲ್ವಾ?

ತೂತಿನ ಒಳಗೋಡೆ ಏನು ಹೇಳುತ್ತದೆ

ಈಗ ಪೀಸನ್ನು ತೂತಿನ ಮಧ್ಯಕ್ಕೆ ಸರಿಯಾಗಿ ಸೀಳಿ, ಇಲ್ಲವೇ ಒಡೆಯಿರಿ. ಒಡೆದ ಮುಖ ಗರಗಸದ ಮುಖಕ್ಕಿಂತ ಜಾಸ್ತಿ ಹೇಳುತ್ತದೆ, ಯಾಕೆಂದರೆ ಗರಗಸ ಲೋಹವನ್ನು ಎಳೆದು ಸಣ್ಣ ತೂತುಗಳನ್ನು ಮುಚ್ಚಿಬಿಡುತ್ತದೆ. 10 ಪಟ್ಟು ದೊಡ್ಡದು ಮಾಡುವ ಕೈ ಲೆನ್ಸ್ ಒಂದು, ಒಳ್ಳೆಯ ಟಾರ್ಚ್ ಒಂದು ಇದ್ದರೆ ಸಾಕು. ದೊಡ್ಡ ಲ್ಯಾಬ್ ಬೇಕಿಲ್ಲ.

ಒಳಗೋಡೆ ನುಣುಪಾಗಿ, ದುಂಡಗೆ, ಕೆಲವೊಮ್ಮೆ ಹೊಳೆಯುತ್ತಾ ಇದ್ದರೆ ಅದು ಗ್ಯಾಸ್. ಗುಳ್ಳೆ ಇನ್ನೂ ದ್ರವವಾಗಿದ್ದ ಲೋಹವನ್ನು ತಳ್ಳಿ ಜಾಗ ಮಾಡಿಕೊಂಡಿದೆ. ಅದಕ್ಕೇ ಗೋಡೆ ನುಣುಪು.

ಒಳಗೋಡೆ ಒರಟಾಗಿ, ಮೂಲೆ ಮೂಲೆಯಾಗಿ, ಸಣ್ಣ ಗಿಡಗಳು ಎದ್ದು ನಿಂತ ಹಾಗೆ ಇದ್ದರೆ ಶ್ರಿಂಕೇಜ್. ಆ ಗಿಡಗಳೇ ಡೆಂಡ್ರೈಟ್‌ಗಳು. ಲೋಹ ಗಟ್ಟಿಯಾಗುವಾಗ ಹಾಗೆ ಕವಲೊಡೆಯುತ್ತಾ ಬೆಳೆಯುತ್ತದೆ. ಮಧ್ಯದ ದ್ರವ ಕುಗ್ಗಿ, ಬದಲಿಗೆ ಬೇರೆ ದ್ರವ ಬರದೇ ಹೋದಾಗ ಈ ಕವಲುಗಳು ಬರಿದಾಗಿ ನಿಲ್ಲುತ್ತವೆ.

ತೂತಿನ ಆಕಾರಕ್ಕೆ ಲೆಕ್ಕವಿಲ್ಲ, ಒಳಗೆ ಕಾಳು ಕಾಳಾಗಿ ಮರಳು ಇದೆ ಅಂದರೆ ಎಲ್ಲಿಂದಲೋ ಮರಳು ಕಿತ್ತು ಬಂದಿದೆ. ಒಳಗೆ ಗಾಜಿನಂತೆ ಕಪ್ಪು ಅಥವಾ ಹಸಿರು ಬಣ್ಣದ ಚೂರಿದ್ದರೆ ಕಿಟ್ಟ. ನುಣುಪು ತೂತಿನ ಪಕ್ಕದಲ್ಲೇ ಕಿಟ್ಟದ ಚೂರು ಅಂಟಿಕೊಂಡಿದ್ದರೆ ಎರಡೂ ಸೇರಿವೆ: ಕಿಟ್ಟದಲ್ಲಿರುವ ಆಕ್ಸೈಡ್ ಕಬ್ಬಿಣದಲ್ಲಿರುವ ಕಾರ್ಬನ್ ಜೊತೆ ಸೇರಿ ಕಾರ್ಬನ್ ಮಾನಾಕ್ಸೈಡ್ ಗ್ಯಾಸ್ ಆಗುತ್ತದೆ. ಇಲ್ಲಿ ಗ್ಯಾಸ್ ಕಂಡರೂ ತಪ್ಪು ಕಿಟ್ಟದ್ದು. ಎಷ್ಟು ವೆಂಟ್ ಚುಚ್ಚಿದರೂ ಇದು ಹೋಗುವುದಿಲ್ಲ.

ಒಂದು ಎಚ್ಚರಿಕೆ. ಕಬ್ಬಿಣದಲ್ಲಿ ಸಾರಜನಕ ಜಾಸ್ತಿಯಾದಾಗ ಬರುವ ತೂತುಗಳು ದುಂಡಗಿರುವುದಿಲ್ಲ. ಹೊರಮೈಗೆ ಲಂಬವಾಗಿ, ಅಲ್ಪವಿರಾಮದ ಚಿಹ್ನೆಯಂತೆ ಉದ್ದಕ್ಕೆ ಸೀಳಿಕೊಂಡಿರುತ್ತವೆ. ನೋಡಿದವರು ಶ್ರಿಂಕೇಜ್ ಅಂತಲೋ ಬಿರುಕು ಅಂತಲೋ ಹೇಳಿ ರೈಸರ್ ದೊಡ್ಡದು ಮಾಡುತ್ತಾರೆ. ಚಾರ್ಜ್‌ನಲ್ಲಿ (ಕುಲುಮೆಗೆ ಹಾಕುವ ಸರಕಿನಲ್ಲಿ) ಉಕ್ಕಿನ ಸ್ಕ್ರ್ಯಾಪ್ ಇತ್ತೀಚೆಗೆ ಜಾಸ್ತಿಯಾಗಿದೆಯಾ, ಕಾರ್ಬನ್ ಏರಿಸಲು ಹಾಕುವ ಪುಡಿ ಬದಲಾಗಿದೆಯಾ, ಕೋರ್ ರೆಸಿನ್‌ನಲ್ಲಿ (ಕೋರ್ ಮರಳನ್ನು ಹಿಡಿದಿಡುವ ಅಂಟಿನಲ್ಲಿ) ಯೂರಿಯಾ ಇದೆಯಾ ಅಂತ ಕೇಳಿ. ಈ ಮೂರೂ ಸಾರಜನಕದ ದಾರಿಗಳು.

ಗ್ಯಾಸ್ ಅಂತ ಖಚಿತವಾದರೆ: ಎಲ್ಲಿಂದ ಬಂತು?

ಗ್ಯಾಸ್ ಅನ್ನುವುದು ಅರ್ಧ ಉತ್ತರ ಮಾತ್ರ. ಅದು ಮರಳಿನಿಂದ ಬಂತಾ, ಕೋರ್‌ನಿಂದಲಾ, ಲೋಹದೊಳಗಿಂದಲಾ, ಅಥವಾ ಹೊಯ್ಯುವಾಗ ಗಾಳಿಯೇ ಸಿಕ್ಕಿಕೊಂಡಿತಾ? ತೂತಿನ ಗಾತ್ರ ಮತ್ತು ಜಾಗ ಇದನ್ನು ಸುಮಾರಾಗಿ ಹೇಳಿಬಿಡುತ್ತವೆ.

ದೊಡ್ಡ ತೂತುಗಳು, ಮೇಲಿನ ಬಾಕ್ಸ್‌ನ ಕಡೆ, ಹೊರಮೈಗೆ ಹತ್ತಿರ: ಅಚ್ಚಿನ ಮರಳನ್ನು ಅನುಮಾನಿಸಿ. ನೀರು ಆವಿಯಾದಾಗ 100 ಡಿಗ್ರಿಯಲ್ಲೇ ಸುಮಾರು 1,700 ಪಟ್ಟು ಹಿಗ್ಗುತ್ತದೆ. 1,350 ಡಿಗ್ರಿಯ ಕಬ್ಬಿಣ ಪಕ್ಕದಲ್ಲಿದ್ದಾಗ ಇನ್ನೂ ಬಹಳ ಜಾಸ್ತಿ. ಆ ಆವಿ ಮರಳಿನ ಕಾಳುಗಳ ನಡುವೆ ನುಸುಳಿ ಹೊರಗೆ ಹೋಗಬೇಕು. ದಾರಿ ಸಿಗದಿದ್ದರೆ ಲೋಹದೊಳಗೆ ನುಗ್ಗುತ್ತದೆ. ಹಸಿ ಮರಳಿನಲ್ಲಿ ನೀರು ಸಾಮಾನ್ಯವಾಗಿ 3ರಿಂದ 4 ಶೇಕಡಾ ಇರುತ್ತದೆ, ಕೈಯಿಂದ ಮಾಡುವ ಮೋಲ್ಡ್‌ಗೆ ಸ್ವಲ್ಪ ಜಾಸ್ತಿ. ಆದರೆ ನೀರಿನ ಅಂಕಿ ಒಂದನ್ನೇ ನೋಡಬೇಡಿ. ಮರಳಿನಲ್ಲಿ ನುಣ್ಣನೆ ಧೂಳು ಜಾಸ್ತಿಯಾದರೆ ಅದೇ ನೀರು ಕುಡಿದುಕೊಂಡು, ದಾರಿಯನ್ನೂ ಮುಚ್ಚುತ್ತದೆ. ಪರ್ಮಿಯಬಿಲಿಟಿ (ಮರಳು ಗ್ಯಾಸನ್ನು ಹೊರಬಿಡುವ ಗುಣ) ಅಂಕಿ ನಿಧಾನವಾಗಿ ಇಳಿಯುತ್ತಾ ಬಂದಿದ್ದರೆ ಧೂಳು ತೆಗೆಯುವ ವ್ಯವಸ್ಥೆ ಕೆಲಸ ಮಾಡುತ್ತಿದೆಯಾ ನೋಡಿ.

ಬಿಸಿ ಮರಳು ಇನ್ನೂ ಮೋಸದ್ದು. 50 ಡಿಗ್ರಿ ದಾಟಿದ ಮರಳಿನಿಂದ ನೀರು ಮಿಕ್ಸರ್‌ನಿಂದ ಮೋಲ್ಡ್‌ಗೆ ಹೋಗುವಷ್ಟರಲ್ಲೇ ಹಾರಿಹೋಗುತ್ತದೆ. ಮುಟ್ಟಿದರೆ ಒಣಗಿದ ಹಾಗಿರುತ್ತದೆ, ಜಾಸ್ತಿ ನೀರು ಹಾಕುತ್ತೇವೆ. ಆ ಆವಿ ತಣ್ಣಗಿರುವ ಕೋರ್ ಮತ್ತು ಚಿಲ್ ಮೇಲೆ ಹನಿಯಾಗಿ ಕೂರುತ್ತದೆ. ಹಾಗಾಗಿ ಬಾಕ್ಸ್ ಮುಚ್ಚಿ ಗಂಟೆಗಟ್ಟಲೆ ಬಿಟ್ಟ ಮೋಲ್ಡ್‌ಗಳಲ್ಲಿ ಮಾತ್ರ ತೂತು ಬರುತ್ತಿದೆಯಾ ಅಂತ ತಪ್ಪದೇ ಕೇಳಿ. ಇದು ಯಾವ ಲ್ಯಾಬ್ ರಿಪೋರ್ಟ್‌ನಲ್ಲೂ ಸಿಗದ ಮಾಹಿತಿ. ಮೋಲ್ಡ್ ಮುಚ್ಚುವವರಿಗೆ ಮಾತ್ರ ಗೊತ್ತಿರುತ್ತದೆ.

ಚಿಲ್ ಇಟ್ಟ ಜಾಗದಲ್ಲೇ ಸರಿಯಾಗಿ ತೂತು ಬಂದರೆ ಚಿಲ್ ತುಕ್ಕು ಹಿಡಿದಿದೆ, ಇಲ್ಲವೇ ಬೆವರಿದೆ. ಚಾಪ್ಲೆಟ್‌ಗೂ (ಕೋರ್‌ಗೆ ಆಸರೆ ಕೊಡುವ ಲೋಹದ ತುಂಡು) ಇದೇ ಮಾತು.

ಕೋರ್‌ನ ಮೇಲ್ಗಡೆ, ಕೋರ್ ಮತ್ತು ಹೊರಗೋಡೆಯ ಮಧ್ಯೆ ತೂತು ಬಂದರೆ ಕೋರ್‌ನ ಗ್ಯಾಸ್. ಕೋರ್ ನಾಲ್ಕು ಕಡೆಯಿಂದ ಲೋಹದಲ್ಲಿ ಮುಳುಗಿರುತ್ತದೆ. ಅದರ ರೆಸಿನ್ ಸುಟ್ಟ ಗ್ಯಾಸ್‌ಗೆ ಕೋರ್ ಪ್ರಿಂಟ್ (ಕೋರ್ ಅಚ್ಚಿನಲ್ಲಿ ಕೂರುವ ತುದಿ) ಮೂಲಕ ಹೋಗುವುದೊಂದೇ ಸರಿಯಾದ ದಾರಿ. ಕೋರ್‌ನಲ್ಲಿ ವೆಂಟ್ ಇದೆ ಅನ್ನುವುದು ಸಾಲದು. ಆ ವೆಂಟ್ ಪ್ರಿಂಟ್‌ನಿಂದ ಮುಂದೆ ಮೋಲ್ಡ್‌ನ ಹೊರಗೆ ತೆರೆದಿದೆಯಾ? ಕೋರ್ ಜೋಡಿಸುವ ಅಂಟು ವೆಂಟ್‌ನೊಳಗೆ ಇಳಿದಿದೆಯಾ? ಪ್ರಿಂಟ್ ಸಡಿಲವಿದ್ದು ಲೋಹ ನುಗ್ಗಿ ಬಾಯಿ ಮುಚ್ಚಿದೆಯಾ? ಪ್ರಿಂಟ್ ಜಾಗದಲ್ಲಿ ತೆಳು ಫ್ಲ್ಯಾಶ್ (ಸಂದಿಗೆ ನುಗ್ಗಿದ ಲೋಹದ ಹಾಳೆ) ಕಂಡರೆ ಕಾರಣ ಅಲ್ಲೇ ಸಿಕ್ಕಿತು. ಕೋರ್ ಪೂರ್ತಿ ಬೆಂದಿದೆಯಾ ಅಂತ ನೋಡಲು ಒಂದನ್ನು ಮುರಿಯಿರಿ. ಶೆಲ್ ಕೋರ್ (ರೆಸಿನ್ ಲೇಪಿಸಿದ ಮರಳನ್ನು ಬಿಸಿಯಲ್ಲಿ ಬೇಯಿಸಿ ಮಾಡಿದ್ದು) ಆದರೆ ಒಳಭಾಗವೂ ಹೊರಗಿನಂತೆ ಬಣ್ಣ ತಿರುಗಿರಬೇಕು. ಹಳದಿಯಾಗಿಯೇ ಉಳಿದಿದ್ದರೆ ಬೆಂದಿಲ್ಲ.

ಇಲ್ಲಿ ಒಂದು ಸುಲಭ ಪರೀಕ್ಷೆ ಇದೆ. ಅದೇ ಕೋರ್‌ಗಳಲ್ಲಿ ಐದನ್ನು ಮತ್ತೆ ಓವನ್‌ನಲ್ಲಿಟ್ಟು ಚೆನ್ನಾಗಿ ಒಣಗಿಸಿ, ಗುರುತು ಹಾಕಿ, ಉಳಿದದ್ದೇನೂ ಬದಲಿಸದೆ ಅದೇ ಲ್ಯಾಡಲ್‌ನಿಂದ ಹೊಯ್ಯಿರಿ. ಆ ಐದರಲ್ಲಿ ತೂತಿಲ್ಲ, ಪಕ್ಕದ ಐದರಲ್ಲಿ ಇದೆ ಅಂದರೆ ಇನ್ನು ವಾದವೇ ಬೇಡ.

ಸಣ್ಣ ಸಣ್ಣ ತೂತುಗಳು, 1ರಿಂದ 3 ಮಿಲಿಮೀಟರ್, ಹೊರಮೈಯ ಚರ್ಮದ ಕೆಳಗೆ ಎಲ್ಲೆಡೆ ಹರಡಿಕೊಂಡಿದ್ದರೆ ಅದು ಪಿನ್‌ಹೋಲ್. ಗ್ಯಾಸ್ ಲೋಹದೊಳಗೇ ಕರಗಿತ್ತು. ಬೀಡು ಕಬ್ಬಿಣದಲ್ಲಿ ಇದರ ಹಿಂದೆ ಹೆಚ್ಚಾಗಿ ಜಲಜನಕ ಇರುತ್ತದೆ. ಸ್ಕ್ರ್ಯಾಪ್ ಜೊತೆಯಲ್ಲೋ ಇನಾಕ್ಯುಲೆಂಟ್ (ಗ್ರಾಫೈಟ್ ಹುಟ್ಟಲು ಲೋಹಕ್ಕೆ ಹಾಕುವ ಪುಡಿ) ಜೊತೆಯಲ್ಲೋ ಬಂದ ಅಲ್ಪಸ್ವಲ್ಪ ಅಲ್ಯೂಮಿನಿಯಂ ಮರಳಿನ ತೇವವನ್ನು ಒಡೆದು ಜಲಜನಕ ಬಿಡಿಸುತ್ತದೆ. 0.01 ಶೇಕಡಾದಷ್ಟು ಅಲ್ಯೂಮಿನಿಯಂ ಕೂಡ ತೊಂದರೆ ಕೊಡಬಲ್ಲದು. ಹೊರಗಿನಿಂದ ಏನೂ ಕಾಣದೆ, ಮೆಷಿನಿಂಗ್‌ನಲ್ಲಿ ಮೊದಲ ಪದರ ಹೋದ ಮೇಲೆ ಇವು ಬಾಯಿ ಬಿಡುತ್ತವೆ.

ಅಲ್ಯೂಮಿನಿಯಂ ಎರಕದಲ್ಲಂತೂ ಜಲಜನಕವೇ ಮುಖ್ಯ ಶತ್ರು. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುತ್ತದೆ. ಅದೇ ಬಿಸಿಯಲ್ಲಿ ದ್ರವ ಲೋಹ ಹಿಡಿದಿಡಬಲ್ಲ ಜಲಜನಕದ ಸುಮಾರು 20ನೇ ಒಂದು ಭಾಗವನ್ನಷ್ಟೇ ಗಟ್ಟಿ ಲೋಹ ಹಿಡಿದಿಡಬಲ್ಲದು. ಉಳಿದದ್ದೆಲ್ಲ ಗಟ್ಟಿಯಾಗುವ ಹೊತ್ತಿಗೆ ಹೊರಬರಲೇಬೇಕು. ಬಿಸಿ ಏರಿಸಿದಷ್ಟೂ ದ್ರವ ಇನ್ನೂ ಜಾಸ್ತಿ ಜಲಜನಕ ಹೀರುತ್ತದೆ. ಕಬ್ಬಿಣದ ಅಚ್ಚಿನ ಗ್ಯಾಸ್‌ಗೆ ಬಿಸಿ ಏರಿಸುವುದು ಕೆಲವೊಮ್ಮೆ ಉಪಕಾರಿ. ಅಲ್ಯೂಮಿನಿಯಂನ ಪಿನ್‌ಹೋಲ್‌ಗೆ ಅದೇ ಕೆಲಸ ವಿಷ. 750 ಡಿಗ್ರಿ ದಾಟಿಸಿ ಗಂಟೆಗಟ್ಟಲೆ ಹಿಡಿದಿಡಬೇಡಿ. ಎಣ್ಣೆ ಹತ್ತಿದ ರಿಟರ್ನ್ಸ್, ಒದ್ದೆ ಫ್ಲಕ್ಸ್, ತಣ್ಣಗಿನ ಸೌಟು, ಬಿಳಿ ಪುಡಿ ಹಿಡಿದ ಹಳೆ ಇಂಗಾಟ್ ಎಲ್ಲವೂ ತೇವ ತರುತ್ತವೆ. ತೇವದ ಸೌಟು ಜಲಜನಕಕ್ಕಿಂತ ಮೊದಲು ಜೀವಕ್ಕೇ ಅಪಾಯ. ಕರಗಿದ ಲೋಹದ ಕೆಳಗೆ ನೀರು ಸಿಕ್ಕಿಬಿದ್ದರೆ ಸಿಡಿಯುತ್ತದೆ. ಸೌಟು, ಇಂಗಾಟ್ ಎಲ್ಲವನ್ನೂ ಬಿಸಿ ಮಾಡಿಯೇ ಬಳಸಿ.

ಡಿಗ್ಯಾಸಿಂಗ್ (ಲೋಹದಿಂದ ಗ್ಯಾಸ್ ತೆಗೆಯುವ ಕೆಲಸ) ಮಾಡಿದ್ದೇವೆ ಅನ್ನುವ ಮಾತನ್ನು ಸುಮ್ನೆ ನಂಬಬೇಡಿ, ಅಳೆಯಿರಿ. ಒಂದೇ ಲೋಹವನ್ನು ಎರಡು ಸಣ್ಣ ಬಟ್ಟಲುಗಳಿಗೆ ಹಾಕಿ. ಒಂದು ಸಾಮಾನ್ಯ ಗಾಳಿಯಲ್ಲಿ ಗಟ್ಟಿಯಾಗಲಿ, ಇನ್ನೊಂದು ವ್ಯಾಕ್ಯೂಮ್ ಕೆಳಗೆ. ಎರಡನೆಯದರ ಮೇಲ್ಭಾಗ ಉಬ್ಬಿ, ಸೀಳಿದಾಗ ಒಳಗೆ ಸ್ಪಂಜಿನಂತೆ ಕಂಡರೆ ಗ್ಯಾಸ್ ಇನ್ನೂ ಇದೆ. ಜೊತೆಗೆ ಆಕ್ಸೈಡ್ ಪೊರೆಗಳೂ ಇರಬಹುದು, ಯಾಕೆಂದರೆ ಗುಳ್ಳೆ ಹುಟ್ಟಲು ಅವೇ ಜಾಗ ಕೊಡುತ್ತವೆ.

ಶ್ರಿಂಕೇಜ್ ಆದರೆ ರೈಸರ್ ತುಂಡನ್ನು ಸೀಳಿ

ಲೋಹ ಮೂರು ಹಂತದಲ್ಲಿ ಕುಗ್ಗುತ್ತದೆ: ದ್ರವವಾಗಿ ತಣ್ಣಗಾಗುವಾಗ, ಗಟ್ಟಿಯಾಗುವಾಗ, ಗಟ್ಟಿಯಾದ ಮೇಲೆ ತಣ್ಣಗಾಗುವಾಗ. ಪ್ಯಾಟರ್ನ್ ದೊಡ್ಡದು ಮಾಡುವುದು ಮೂರನೆಯದಕ್ಕೆ ಮಾತ್ರ. ಮೊದಲೆರಡಕ್ಕೆ ರೈಸರ್ ಬೇಕು. ಗಟ್ಟಿಯಾಗುವಾಗ ಅಲ್ಯೂಮಿನಿಯಂ 6ರಿಂದ 7 ಶೇಕಡಾ ಕುಗ್ಗುತ್ತದೆ, ಉಕ್ಕು ಸುಮಾರು 3 ಶೇಕಡಾ. ಬೀಡು ಕಬ್ಬಿಣದಲ್ಲಿ ಗ್ರಾಫೈಟ್ ಹುಟ್ಟಿ ಹಿಗ್ಗುವುದರಿಂದ ಲೆಕ್ಕ ಬೇರೆ.

ರೈಸರ್ ಕಾಸ್ಟಿಂಗ್‌ಗಿಂತ ಕೊನೆಗೆ ಗಟ್ಟಿಯಾಗಬೇಕು. ಎಷ್ಟು ಹೊತ್ತಿಗೆ ಗಟ್ಟಿಯಾಗುತ್ತದೆ ಅನ್ನುವುದಕ್ಕೆ ಖ್ವೋರಿನೋವ್ 1940ರಲ್ಲಿ ಕೊಟ್ಟ ಸೂತ್ರ ಇಂದಿಗೂ ನಡೆಯುತ್ತಿದೆ: ಘನ ಅಳತೆಯನ್ನು ತಣ್ಣಗಾಗುವ ಮೈ ಅಳತೆಯಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. ಸಮಯ ಅದಕ್ಕೆ ತಕ್ಕಂತೆ. ಭಾಗಿಸಿ ಬಂದ ಅಳತೆಗೆ ಮಾಡ್ಯುಲಸ್ ಅನ್ನುತ್ತಾರೆ. 25 ಮಿಲಿಮೀಟರ್ ದಪ್ಪದ ಅಗಲ ಹಲಗೆಯ ಮಾಡ್ಯುಲಸ್ 12.5 ಮಿಲಿಮೀಟರ್. ರೈಸರ್‌ನದು ಅದರ 1.2 ಪಟ್ಟು, ಅಂದರೆ 15 ಇರಲಿ. ಅಗಲ ಎತ್ತರ ಒಂದೇ ಇರುವ ಸಿಲಿಂಡರ್‌ನ ಮಾಡ್ಯುಲಸ್ ಅದರ ವ್ಯಾಸದ ಆರನೇ ಒಂದು ಭಾಗ. ಹಾಗಾಗಿ 90 ಮಿಲಿಮೀಟರ್ ವ್ಯಾಸದ ರೈಸರ್ ಬೇಕು. ಕಾಗದದ ತುಂಡಿನ ಮೇಲೆ ಮುಗಿಯುವ ಲೆಕ್ಕ ಇದು.

ಆದರೆ ಲೆಕ್ಕಕ್ಕಿಂತ ಮೊದಲು ಕತ್ತರಿಸಿಟ್ಟ ರೈಸರ್ ತುಂಡನ್ನು ಉದ್ದಕ್ಕೆ ಸೀಳಿ ನೋಡಿ. ಬಹಳ ಕಡೆ ಈ ಕೆಲಸ ಯಾರೂ ಮಾಡುವುದಿಲ್ಲ. ನನಗೆ ಇದರಷ್ಟು ಉಪಯೋಗವಾದ ಪರೀಕ್ಷೆ ಇನ್ನೊಂದಿಲ್ಲ. ರೈಸರ್ ಒಳಗೆ ಆಳವಾದ ಕುಳಿ ಬಿದ್ದು, ಆ ಕುಳಿ ಕಾಸ್ಟಿಂಗ್ ತನಕ ಇಳಿದಿದ್ದರೆ ರೈಸರ್ ಪ್ರಾಮಾಣಿಕವಾಗಿ ಕೆಲಸ ಮಾಡಿದೆ, ಅದರಲ್ಲಿದ್ದ ಲೋಹ ಸಾಲಲಿಲ್ಲ. ದೊಡ್ಡದು ಮಾಡಿ. ರೈಸರ್ ಗಟ್ಟಿಯಾಗಿ, ತಲೆ ಚಪ್ಪಟೆಯಾಗಿ, ತುಂಬಿಕೊಂಡೇ ಇದೆ, ಕಾಸ್ಟಿಂಗ್ ಒಳಗೆ ಮಾತ್ರ ತೂತಿದೆ ಅಂದರೆ ರೈಸರ್ ಒಂದು ಹನಿಯನ್ನೂ ಕೊಟ್ಟಿಲ್ಲ. ಕುತ್ತಿಗೆ ಮೊದಲೇ ಹೆಪ್ಪುಗಟ್ಟಿದೆ, ಇಲ್ಲವೇ ರೈಸರ್‌ನ ತಲೆಯ ಮೇಲೆ ಬೇಗ ಚರ್ಮ ಕಟ್ಟಿ ಗಾಳಿಯ ಒತ್ತಡ ಒಳಗೆ ತಲುಪಿಲ್ಲ. ಈಗ ರೈಸರ್ ದೊಡ್ಡದು ಮಾಡಿದರೆ ಲೋಹ ವ್ಯರ್ಥ ಅಷ್ಟೇ. ಕುತ್ತಿಗೆ ದಪ್ಪ ಮಾಡಿ, ಗಿಡ್ಡ ಮಾಡಿ, ಅಥವಾ ತಲೆಗೆ ಶಾಖ ಉಳಿಸುವ ಪುಡಿ ಹಾಕಿ.

ತೂತು ರೈಸರ್‌ನಿಂದ ದೂರದ, ಎರಡು ಗೋಡೆ ಕೂಡುವ ದಪ್ಪ ಜಾಗದಲ್ಲಿದ್ದರೆ, ಮಧ್ಯದ ತೆಳು ಗೋಡೆ ದಾರಿಯನ್ನು ಮುಚ್ಚಿದೆ. ಅಲ್ಲಿ ಚಿಲ್ ಇಡಿ. ಬೋಲ್ಟ್ ಕೂರುವ ದಪ್ಪ ಗುಬುಟುಗಳು ಇದಕ್ಕೆ ಹೆಸರುವಾಸಿ. ನನ್ನ ವಾಲ್ವ್ ಬಾಡಿಯ ಕಥೆಯೂ ಹೀಗೇ ಮುಗಿಯಿತು. ಬಿಸಿಯನ್ನು ಮೊದಲಿನ ಮಟ್ಟಕ್ಕೆ ಇಳಿಸಿ, ಫ್ಲ್ಯಾಂಜ್ ಕೂಡುವ ಜಾಗಕ್ಕೆ ಒಂದು ಚಿಲ್ ಇಟ್ಟ ಮೇಲೆ ಸೋರಿಕೆ ನಿಂತಿತು.

ಬೀಡು ಕಬ್ಬಿಣ, ಅದರಲ್ಲೂ ಡಕ್ಟೈಲ್ ಕಬ್ಬಿಣದಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತದೆ. ಗ್ರಾಫೈಟ್ ಹಿಗ್ಗುವಾಗ ಮೋಲ್ಡ್ ಗಟ್ಟಿಯಾಗಿದ್ದರೆ ಆ ಒತ್ತಡವೇ ಒಳಗಿನ ಖಾಲಿ ಜಾಗ ತುಂಬುತ್ತದೆ. ಮೋಲ್ಡ್ ಮೆತ್ತಗಿದ್ದರೆ ಗೋಡೆ ಹೊರಗೆ ಸರಿಯುತ್ತದೆ. ಕಾಸ್ಟಿಂಗ್ ಉಬ್ಬುತ್ತದೆ, ಒಳಗೆ ತೂತು ಉಳಿಯುತ್ತದೆ. ಇದನ್ನು ಹಿಡಿಯಲು ತಕ್ಕಡಿ ಸಾಕು. ಒಳ್ಳೆಯ ಪೀಸ್ ಮತ್ತು ಕೆಟ್ಟ ಪೀಸ್ ಎರಡನ್ನೂ ತೂಗಿ. ಒಳಗೆ ತೂತಿದ್ದೂ ಕೆಟ್ಟ ಪೀಸ್ ಭಾರ ಜಾಸ್ತಿ ಬಂದರೆ ರೈಸರ್ ಮುಟ್ಟಬೇಡಿ, ಮರಳು ಬಡಿಯುವ ಕಡೆ ಹೋಗಿ.

ಮರಳು, ಕಿಟ್ಟ ಮತ್ತು ಹೊಯ್ಯುವ ರೀತಿ

ಮರಳಿನ ಕಾಳು ಸಿಕ್ಕಿದರೆ ಅದು ಎಲ್ಲಿಂದ ಕಿತ್ತು ಬಂತು ಅಂತ ಹುಡುಕಿ. ಕಾಸ್ಟಿಂಗ್‌ನ ಯಾವುದೋ ಮೂಲೆಯಲ್ಲಿ ಅಷ್ಟೇ ಗಾತ್ರದ ಲೋಹದ ಗಂಟು ಇದ್ದರೆ ಮರಳು ಅಲ್ಲಿಂದ ಬಿದ್ದಿದೆ. ಎಲ್ಲೂ ಗಂಟಿಲ್ಲದಿದ್ದರೆ ರನ್ನರ್ (ಲೋಹ ಹರಿಯುವ ಅಡ್ಡ ಕಾಲುವೆ), ಸ್ಪ್ರೂ (ಲೋಹ ಇಳಿಯುವ ಕೊಳವೆ) ತುಂಡು ನೋಡಿ. ಅಲ್ಲಿ ಗೋಡೆ ಕೊರೆದಿರುತ್ತದೆ. ಅಲ್ಲೂ ಇಲ್ಲದಿದ್ದರೆ ಬಾಕ್ಸ್ ಮುಚ್ಚುವ ಮೊದಲು ಊದದೆ ಬಿಟ್ಟ ಸಡಿಲ ಮರಳು.

ಕಿಟ್ಟದ ವಿಷಯದಲ್ಲಿ ಮೊದಲು ಹೊಯ್ಯುವುದನ್ನು ನಿಂತು ನೋಡಿ. ಪೋರಿಂಗ್ ಬೇಸಿನ್ (ಲೋಹ ಹೊಯ್ಯುವ ಬಾಯಿಯ ಬಟ್ಟಲು) ಮೊದಲಿನಿಂದ ಕೊನೆಯವರೆಗೂ ತುಂಬಿರಬೇಕು. ಮಧ್ಯದಲ್ಲಿ ಒಮ್ಮೆ ಖಾಲಿಯಾಗಿ ಸುಳಿ ಬಿತ್ತು ಅಂದರೆ ಕಿಟ್ಟ, ಗಾಳಿ ಎರಡೂ ಒಳಗೆ ಹೋದವು. ಸ್ಪ್ರೂ ಕೆಳಗೆ ಕಿರಿದಾಗುತ್ತಾ ಹೋಗಬೇಕು. ಬೀಳುವ ಲೋಹ ವೇಗ ಪಡೆದಂತೆ ಧಾರೆ ಸಣ್ಣದಾಗುತ್ತದೆ. ನೇರ ಕೊಳವೆಯಲ್ಲಿ ಧಾರೆಯ ಸುತ್ತ ಖಾಲಿ ಉಳಿದು ಗಾಳಿ ಎಳೆದುಕೊಳ್ಳುತ್ತದೆ.

ಅಲ್ಯೂಮಿನಿಯಂ ಅಚ್ಚಿನೊಳಗೆ ಹೋಗುವಾಗ ವೇಗ ಸೆಕೆಂಡಿಗೆ 0.5 ಮೀಟರ್ ಒಳಗಿರಲಿ. ಅದಕ್ಕಿಂತ ಜಾಸ್ತಿಯಾದರೆ ಮೇಲ್ಮೈ ಮಡಚಿಕೊಂಡು, ಆಕ್ಸೈಡ್ ಪೊರೆಗಳು ಒಳಗೆ ಸಿಕ್ಕಿಬೀಳುತ್ತವೆ. ಲೋಹ ಬರೀ 13 ಮಿಲಿಮೀಟರ್ ಬಿದ್ದರೆ ಸಾಕು, ಈ ವೇಗ ಬಂದುಬಿಡುತ್ತದೆ. ಸ್ಪ್ರೂನಲ್ಲಿ ಇದನ್ನು ತಪ್ಪಿಸಲು ಆಗುವುದಿಲ್ಲ. ರನ್ನರ್ ಮತ್ತು ಇನ್‌ಗೇಟ್ ಅಗಲ ಮಾಡಿ, ಫಿಲ್ಟರ್ ಇಟ್ಟು, ಕೆಳಗಿನಿಂದ ತುಂಬಿಸಿ ವೇಗ ತಗ್ಗಿಸಬೇಕು.

ಬೀಡು ಕಬ್ಬಿಣದಲ್ಲಿ ಮೇಲಿನ ಮೈಯ ಕೆಳಗೆ ಕಿಟ್ಟ ಮತ್ತು ನುಣುಪು ತೂತು ಜೊತೆಯಾಗಿ ಪದೇ ಪದೇ ಬರುತ್ತಿದ್ದರೆ ಗಂಧಕ ಮತ್ತು ಮ್ಯಾಂಗನೀಸ್ ಲೆಕ್ಕ ನೋಡಿ. ಗಂಧಕದ ಶೇಕಡಾವನ್ನು 1.7ರಿಂದ ಗುಣಿಸಿ 0.3 ಕೂಡಿಸಿದರೆ ಬೇಕಾದ ಮ್ಯಾಂಗನೀಸ್ ಸಿಗುತ್ತದೆ. ಗಂಧಕ 0.08 ಆದರೆ ಮ್ಯಾಂಗನೀಸ್ ಸುಮಾರು 0.44. ಎರಡೂ ಇದಕ್ಕಿಂತ ತುಂಬಾ ಜಾಸ್ತಿಯಿದ್ದು ಲೋಹವೂ ತಣ್ಣಗಿದ್ದರೆ, ಮ್ಯಾಂಗನೀಸ್ ಸಲ್ಫೈಡ್ ಬೇರ್ಪಟ್ಟು ಕಿಟ್ಟದ ಜೊತೆ ಸೇರಿ ಮೇಲೆ ತೇಲುತ್ತದೆ. ಇಲ್ಲಿ ಹೊಯ್ಯುವ ಬಿಸಿ ಏರಿಸುವುದು ನಿಜವಾದ ಸಹಾಯ.

ಬಿರುಕಾ, ಸೇರದ ಗೆರೆಯಾ?

ಮೈಮೇಲೆ ಗೆರೆ ಕಂಡರೆ ಅದರ ಅಂಚನ್ನು ಉಗುರಿನಿಂದ ಮುಟ್ಟಿ. ಅಂಚು ದುಂಡಗಿದ್ದರೆ ಕೋಲ್ಡ್ ಶಟ್. ಎರಡು ಕಡೆಯಿಂದ ಬಂದ ಲೋಹ ಎದುರುಬದುರಾಗಿ ಸೇರಲಿಲ್ಲ. ಬಿಸಿ ಕಡಿಮೆಯಾಗಿರಬಹುದು. ಆದರೆ ಹೊಯ್ಯುವಾಗ ಧಾರೆ ಕಡಿದಿತ್ತಾ ಅಂತಲೂ ಕೇಳಿ. ಅಚ್ಚಿನ ಗಾಳಿ ಹೊರಹೋಗದೆ ಎದುರು ತಳ್ಳಿದರೂ ಹೀಗಾಗುತ್ತದೆ.

ಅಂಚು ಚೂಪಾಗಿ, ಗೆರೆ ಅಂಕುಡೊಂಕಾಗಿ, ಒಡೆದು ನೋಡಿದರೆ ಒಳಗೆ ಕಪ್ಪಗೆ ಇದ್ದರೆ ಹಾಟ್ ಟಿಯರ್. ಇನ್ನೂ ಬಿಸಿಯಿದ್ದಾಗ ಹರಿದಿದೆ. ಕಾಸ್ಟಿಂಗ್ ಕುಗ್ಗಲು ಹೋದಾಗ ಗಟ್ಟಿ ಕೋರ್ ತಡೆದಿರುತ್ತದೆ, ಅಥವಾ ಒಳಮೂಲೆಗೆ ಸಾಕಷ್ಟು ದುಂಡು ಕೊಟ್ಟಿರುವುದಿಲ್ಲ. ಗೆರೆ ನೇರವಾಗಿ, ಒಳಗೆ ಬೆಳ್ಳಗೆ ಹೊಳೆಯುತ್ತಿದ್ದರೆ ತಣ್ಣಗಾದ ಮೇಲೆ ಒಡೆದದ್ದು. ಬೇಗ ಬಾಕ್ಸ್ ಬಿಚ್ಚಿದರಾ, ಫೆಟ್ಲಿಂಗ್‌ನಲ್ಲಿ (ಎರಕವನ್ನು ಸ್ವಚ್ಛ ಮಾಡುವಾಗ) ಸುತ್ತಿಗೆ ಏಟು ಬಿತ್ತಾ ಅಂತ ವಿಚಾರಿಸಿ.

ಉಳಿದವು

ಮೇಲಿನ ಅರ್ಧ ಕೆಳಗಿನ ಅರ್ಧಕ್ಕೆ ಸರಿದು ನಿಂತಿದ್ದರೆ ಬಾಕ್ಸ್‌ನ ಪಿನ್ ಮತ್ತು ಬುಷ್ ಸವೆದಿವೆ. ಅಳೆದು ಬದಲಿಸಿ. ಮೈಮೇಲೆ ಮರಳು ಅಂಟಿ ಬಿಡಿಸಲಾಗದಂತಿದ್ದರೆ ಮರಳಿನ ಕಾಳು ದಪ್ಪ, ಬಡಿತ ಕಡಿಮೆ, ಅಥವಾ ಲೋಹ ಅತಿ ಬಿಸಿ. ಮೈಮೇಲೆ ಇಲಿಬಾಲದಂಥ ಸಣ್ಣ ಗೆರೆ, ಅಥವಾ ಹೆಕ್ಕಳೆಯಂತೆ ಎದ್ದ ಲೋಹದ ಪದರ ಬಂದರೆ ಮರಳೇ ಹಿಗ್ಗಿ ಎದ್ದಿದೆ. ಸಿಲಿಕಾ ಮರಳಿನ ಕಾಳು 573 ಡಿಗ್ರಿಯಲ್ಲಿ ಒಳರಚನೆ ಬದಲಿಸಿ ಒಮ್ಮೆಲೇ ಹಿಗ್ಗುತ್ತದೆ. ಬೆಂಟೊನೈಟ್ (ಮರಳನ್ನು ಹಿಡಿದಿಡುವ ಜೇಡಿ), ಕಲ್ಲಿದ್ದಲ ಪುಡಿ ಸಾಕಷ್ಟಿದೆಯಾ ನೋಡಿ.

ಫ್ಲ್ಯಾಶ್ ಸುತ್ತಲೂ ದಪ್ಪಗೆ ಬರುತ್ತಿದ್ದರೆ ಮೇಲಿನ ಬಾಕ್ಸ್ ತೇಲುತ್ತಿದೆ. ಎಷ್ಟು ಭಾರ ಇಡಬೇಕು ಅಂತ ಅಂದಾಜಿನಲ್ಲಿ ಹೇಳಬೇಡಿ. ಲೋಹ ಒತ್ತುವ ಜಾಗ 50 ಸೆಂಟಿಮೀಟರ್ ಉದ್ದ, 50 ಸೆಂಟಿಮೀಟರ್ ಅಗಲ, ಅದರ ಮೇಲೆ ಲೋಹದ ಎತ್ತರ 20 ಸೆಂಟಿಮೀಟರ್ ಅಂದುಕೊಳ್ಳಿ. ದ್ರವ ಕಬ್ಬಿಣ ಒಂದು ಘನ ಸೆಂಟಿಮೀಟರ್‌ಗೆ ಸುಮಾರು 7 ಗ್ರಾಂ. ಒಟ್ಟು 350 ಕಿಲೋ ಬಲ ಬಾಕ್ಸನ್ನು ಮೇಲಕ್ಕೆ ಎತ್ತುತ್ತದೆ. ಒಳಗೆ ಕೋರ್ ಇದ್ದರೆ ಅದರ ತೇಲುವ ಬಲವೂ ಸೇರುತ್ತದೆ. ಕ್ಲ್ಯಾಂಪ್ ಹಾಕಿದ್ದೇವಾ ಅನ್ನುವುದರ ಜೊತೆಗೆ ಯಾವಾಗ ಬಿಚ್ಚುತ್ತಿದ್ದೇವೆ ಅಂತಲೂ ನೋಡಿ. ರೈಸರ್ ಗಟ್ಟಿಯಾಗುವ ಮೊದಲೇ ಭಾರ ತೆಗೆದರೆ ಹಾಕಿದ್ದೂ ವ್ಯರ್ಥ.

ಒಂದೇ ಬದಲಾವಣೆ, ಅದೂ ಪಕ್ಕಪಕ್ಕದಲ್ಲಿ

ಕಾರಣ ಹೊಳೆದ ಮೇಲೆ ಅದನ್ನು ಸಾಬೀತು ಮಾಡಬೇಕು. ಇವತ್ತಿನ ಹೀಟ್‌ನಲ್ಲಿ ಬದಲಿಸಿ ನಿನ್ನೆಯದರ ಜೊತೆ ಹೋಲಿಸಬೇಡಿ. ನಿನ್ನೆಯ ಮರಳು ಬೇರೆ, ಹವೆ ಬೇರೆ, ಚಾರ್ಜ್ ಬೇರೆ. ಒಂದೇ ಲ್ಯಾಡಲ್‌ನಿಂದ ಹಳೆ ರೀತಿಯ ಒಂದು ಬಾಕ್ಸ್, ಹೊಸ ರೀತಿಯ ಒಂದು ಬಾಕ್ಸ್, ಹೀಗೆ ಒಂದು ಬಿಟ್ಟು ಒಂದು ಹೊಯ್ಯಿರಿ. ಹೊಸದನ್ನೆಲ್ಲ ಮೊದಲು ಹೊಯ್ದು ಹಳೆಯದನ್ನೆಲ್ಲ ಕೊನೆಗೆ ಹೊಯ್ದರೆ ಲೋಹದ ಬಿಸಿಯ ವ್ಯತ್ಯಾಸವೇ ಉತ್ತರವನ್ನು ಕೆಡಿಸುತ್ತದೆ. ಪ್ರತಿ ಬಾಕ್ಸ್‌ಗೂ ಹೊಯ್ದ ಬಿಸಿ ಮತ್ತು ಹೊಯ್ಯಲು ಹಿಡಿದ ಸೆಕೆಂಡು ಬರೆದಿಡಿ. ಎಲ್ಲ ಪೀಸ್‌ಗಳನ್ನೂ ಮೆಷಿನಿಂಗ್ ಆಗುವವರೆಗೆ ಹಿಂಬಾಲಿಸಿ, ಯಾಕೆಂದರೆ ಚರ್ಮದ ಕೆಳಗಿನ ತೂತು ಫೆಟ್ಲಿಂಗ್‌ನಲ್ಲಿ ಕಾಣುವುದಿಲ್ಲ.

ಹೊಸ ರೀತಿಯಲ್ಲಿ ತೂತು ಹೋಯಿತು ಅಂದುಕೊಳ್ಳಿ. ಇನ್ನೂ ಒಂದು ಹೆಜ್ಜೆ ಉಳಿದಿದೆ. ಬದಲಾವಣೆಯನ್ನು ಹಿಂದಕ್ಕೆ ತೆಗೆದು ಇನ್ನೊಂದು ದಿನ ನಾಲ್ಕೈದು ಬಾಕ್ಸ್ ಹೊಯ್ಯಿರಿ. ಬೇಕಂತಲೇ ಕೆಟ್ಟ ಪೀಸ್ ಮಾಡುವುದಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ, ನಿಜ. ಆದರೆ ಅದೇ ಜಾಗದಲ್ಲಿ, ಅದೇ ಒಳಗೋಡೆಯ ತೂತು ಮತ್ತೆ ಬಂದರೆ ಮಾತ್ರ ಕಾರಣ ಸಿಕ್ಕಿದೆ. ಬರದಿದ್ದರೆ ಅದು ಬೇರೆ ಯಾವುದೋ ಕಾರಣಕ್ಕೆ ಹೋಗಿದೆ. ಸೀಳಿದ ಪೀಸ್‌ಗಳನ್ನು ಮತ್ತೆ ಮೇಜಿನ ಮೇಲೆ ಸಾಲಾಗಿ ಇಡಿ.